ತಲೆ ಒಳಕ್ಕೆ, ಬಾಲ ಆಚೆಗೆ

ಮೊದ್ಲೇ ಒಪ್ಕೊಂಡ್ಬಿಡ್ತೀನಿ, ಆಮೇಲೆ ಯಾರೋ ಹೇಳಿ ಗೊತ್ತಾಗೋದು ಬೇಡ. ನಮ್ಮನೆ ಹಿತ್ಲ ಬೇಲಿ ಕೀಳ್ಸಿದ್ದು ನಾನೇ. ಗಾಳಿ ಬಂದು ಬೀಳ್ಳಿಲ್ಲ, ಎಮ್ಮೆ ನುಗ್ಗಿ ಮುರೀಲಿಲ್ಲ. ಐಟಿಐ ಪಾಸಾಗಿರೋ, ಎರಡು ಕಣ್ಣೂ ಸರಿಯಾಗಿರೋ, ಊರಲ್ಲಿ ನಾಕು ಜನ ಬುದ್ಧಿವಂತ ಅಂತ ತಪ್ಪು ತಿಳ್ಕೊಂಡಿರೋ ನಾನು, ಹಾಡಹಗಲಲ್ಲಿ, ಯಾರ ಬಲವಂತಾನೂ ಇಲ್ದೆ ಮಾಡಿದ ಕೆಲ್ಸ.

ಆಳೆತ್ತರಕ್ಕೂ ಮೇಲೆ ಬೆಳೆದಿದ್ದ ಬೇಲಿ ಅದು. ದಾಸವಾಳ, ಗೊಬ್ಬರದ ಗಿಡ, ಅದರ ಮೇಲೆ ತೊಂಡೆ ಬಳ್ಳಿ, ತೊಂಡೆ ಮೇಲೆ ಹೆಸರೇ ಗೊತ್ತಿಲ್ಲದ ಇನ್ನೊಂದು ಬಳ್ಳಿ. ನಮ್ಮ ಕೋಳಿ ಒಂದ್ಸಲ ಅದರೊಳಗೆ ನುಗ್ಗಿ ಕಾಣೆಯಾಗಿ, ನರಿ ತಿಂತು ಅಂತ ನಾವೆಲ್ಲ ಮರೆತ ಮೇಲೆ ಹನ್ನೊಂದು ಮರಿ ಕರ್ಕೊಂಡು ಆಚೆ ಬಂದಿತ್ತು. ಅಂಥಾ ಬೇಲೀನ, ಪಕ್ಕದ ಸೈಟಿಗೆ ಪಾಯ ತೋಡಕ್ಕೆ ಬಂದಿದ್ದ ಜೆಸಿಬಿ ಡ್ರೈವರ್‌ಗೆ ತೋರ್ಸಿ, "ಅಣ್ಣ, ಇದನ್ನ ಕೀಳಕ್ಕೆ ಎಷ್ಟೊತ್ತು ಬೇಕು?" ಅಂದೆ. ಅವನು ಬೇಲಿ ನೋಡ್ದ, ಕೈಲಿದ್ದ ಟೀ ಲೋಟ ನೋಡ್ದ. "ಇದು ಆರೋದ್ರೊಳಗೆ ಆಯ್ತದೆ ಬುಡು" ಅಂದ. ಆಯ್ತು. ಅವನು ವಾಪಸ್ ಬಂದು ಲೋಟ ಎತ್ಕೊಂಡಾಗ ಟೀ ಇನ್ನೂ ಹೊಗೆ ಆಡ್ತಿತ್ತು.

ಇದಕ್ಕೆ ನನ್ ಹತ್ರ ಕಾರಣ ಇತ್ತು ಕಣ್ರೀ. ಅವ್ವಂಗೆ ಮೈಸೂರಲ್ಲಿ ಎದೆ ಗಂಟಿನ ಆಪರೇಷನ್ ಆಗಿತ್ತು. ಆಮೇಲೆ ಇಂಜೆಕ್ಷನ್ ಕೋರ್ಸು. ಮೊದಲೆರಡು ಮುಗಿಯೋವರ್ಗೂ ಅಲ್ಲೇ ನಮ್ಮ ಮಾವನ ಮನೇಲಿದ್ಲು. ಡಾಕ್ಟ್ರು ಅಪ್ಪಂಗೆ ಹೇಳಿದ್ರಂತೆ, ಊರಿಗೆ ಕರ್ಕೊಂಡೋದ್ಮೇಲೆ ಕತ್ಲೆ ಕೋಣೇಲಿ ಮಲಗಿಸ್ಬೇಡಿ, ದಿನಾ ಬೆಳಿಗ್ಗೆ ಗಾಳಿ ಬೆಳಕಲ್ಲಿ ಕೂರ್ಲಿ ಅಂತ. ಗಾಳಿ, ಬೆಳಕು. ಎರಡೇ ಮಾತು ನನ್ ತಲೆಗೆ ಹೋಗಿದ್ದು. ಬೇಲಿ ಗಾಳಿ ತಡೀತದೆ, ಬೆಳಕು ತಡೀತದೆ, ಹಾವನ್ನ ಮಾತ್ರ ತಡೆಯಲ್ಲ. ಕಿತ್ತಾಕು! ಕಿತ್ತಾಕಿ, ಹಿತ್ಲ ಫೋಟೋ ಹೊಡೆದು, 'ಮೊದಲು – ಈಗ' ಅಂತ ಸ್ಟೇಟಸ್ ಹಾಕ್ದೆ. ತೋಳು ಉಬ್ಬಿಸೋ ಎಮೋಜಿ ಬೇರೆ ಮೂರು ಸೇರ್ಸಿದ್ದೆ. ಅವ್ವ ಅದನ್ನ ಅಪ್ಪನ ಫೋನಲ್ಲಿ ನೋಡಿದ್ಲಂತೆ, ಏನೂ ಅನ್ನಲಿಲ್ವಂತೆ. ಖುಷಿಗೆ ಬಾಯಿ ಕಟ್ಟೋಗಿದೆ ಅಂತ ನಾನು ಎದೆ ಸೆಟೆಸ್ಕೊಂಡು ಓಡಾಡ್ದೆ.

ಇದೆಲ್ಲ ಈಗ ಯಾಕೆ ನೆನಪಾಯ್ತು ಅಂದ್ರೆ, ಹೋದ ತಿಂಗ್ಳು ಟಿ. ನರಸೀಪುರದಲ್ಲಿ ಒಂದು ಮದ್ವೆ. ಛತ್ರದ ಮುಂದೆ ಹಸಿ ತೆಂಗಿನ ಗರಿ ಚಪ್ಪರ ಹಾಕಿದ್ರು. ಅದರ ಕೆಳಗೆ ಕಾಲಿಟ್ಟೆ ನೋಡಿ, ಆ ನೆಂದ ಗರಿ ವಾಸ್ನೆ ಮೂಗಿಗೆ ಬಡೀತು. ನಿಂತಲ್ಲೇ ನಿಂತ್ಬಿಟ್ಟೆ. ಬೇಲಿ ಕೀಳ್ಸಿದ ವರ್ಷದ ಮುಂಗಾರು ಪೂರ್ತಿ ಒಂದೇ ಉಸಿರಿಗೆ ಒಳಗೆ ಬಂತು.

ನಮ್ಮೂರು ಹುಲ್ಲಹಳ್ಳಿಗೆ ಹತ್ರ, ನಾಲೆ ಪಕ್ಕ. ನಮ್ಮ ಹಿತ್ಲ ಆಚೆಗೆ ಒಂದು ಓಣಿ. ಓಣಿ ಕೊನೇಲಿ ಹಾಲಿನ ಡೈರಿ. ಅಂದ್ರೆ ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಊರಿಗೂರೇ ಕ್ಯಾನು ಹಿಡ್ಕೊಂಡು ನಮ್ಮ ಹಿತ್ಲು ದಾಟಿ ಹೋಗ್ಬೇಕು. ಬೇಲಿ ಇದ್ದಾಗ ಈ ವಿಷ್ಯ ನನ್ ಗಮನಕ್ಕೇ ಬಂದಿರ್ಲಿಲ್ಲ. ಬೇಲಿ ಹೋದ ಮೇಲೆ ನಾನು ಹಲ್ಲುಜ್ಜೋದನ್ನ ನಲವತ್ತು ಜನ ನೋಡೋರು.

ಅವ್ವ ಬಂದ್ಲು. ಕಾರಿಂದ ಇಳಿದೋಳು ನೇರ ಹಿಂದಿನ ಬಾಗ್ಲಿಗೆ ಹೋಗಿ ತೆಗೆದು ನಿಂತ್ಕೊಂಡ್ಲು. ಅಷ್ಟೊತ್ತಿಗೆ ಸರಿಯಾಗಿ ಓಣೀಲಿ ಹೋಗ್ತಿದ್ದ ಪಕ್ಕದ ಬೀದಿ ಸಾಕಕ್ಕ, "ಬಂದ್ಯವ್ವಾ?" ಅಂತ ಕೂಗಿದ್ಲು. ಅವ್ವ ತಲೆ ಮೇಲಿನ ಬಟ್ಟೆ ಎಳ್ಕೊಂಡು, ಬಾಗ್ಲು ಹಾಕಿ, ಚಿಲ್ಕ ಹಾಕಿದ್ಲು.

ಅವತ್ತೇ ನಂಗೆ ಗೊತ್ತಾಗಿದ್ದು, ಬಟ್ಟೆ ಕೆಳಗೆ ಒಂದು ಎಳೆ ಕೂದ್ಲಿಲ್ಲ ಅಂತ. ನಮ್ಮವ್ವನ ಜಡೆ ಅಂದ್ರೆ ಸೊಂಟ ದಾಟಿ ಬರೋದು. ಎಮ್ಮೆ ಹಗ್ಗ ಕಾಣದಿದ್ರೆ ಅದನ್ನೇ ಕಟ್ಬೋದು ಅಂತ ಅಪ್ಪ ರೇಗ್ಸೋರು.

"ಬಟ್ಟೆ ಕಟ್ಕೊಂಡೇ ಹಿತ್ಲಲ್ಲಿ ಕೂತ್ಕೋ ಅವ್ವ" ಅಂದೆ.

"ಬಟ್ಟೆ ಸುತ್ತುದ್ರೆ ನೆತ್ತಿಗೆ ಕೆಂಡ ಇಟ್ಟಂಗಾಯ್ತದೆ ಕಣ್ಲಾ. ಬರೀ ತಲೇಲಿ ಕೂತ್ರೆ ಊರೆಲ್ಲ ನೋಡ್ತದೆ. ಆ ಬೇಲಿ ಇದ್ದಿದ್ರೆ..." ಅಂದೋಳು ಅಲ್ಲಿಗೇ ನಿಲ್ಲಿಸಿದ್ಲು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಗೋಡೆ ಕಡೆ ತಿರುಗಿ ಮಲಗಿದ್ಲು.

ಆ ದಾಸವಾಳದ ಕಡ್ಡಿ ಅವ್ವ ಮದ್ವೆಯಾದ ವರ್ಷ ನರಸೀಪುರದ ತವರು ಮನೆಯಿಂದ ತಂದು ನೆಟ್ಟಿದ್ದು ಅಂತ ಅಪ್ಪ ಸಂಜೆ ಹೇಳಿದ್ರು. ಮೆಲ್ಲಗೆ ಹೇಳಿದ್ರು. ಅದಕ್ಕೇ ಜಾಸ್ತಿ ಚುಚ್ತು.

ಒಂದು ವಾರ ಆಯ್ತು. ಅವ್ವ ಕೋಣೆ ಬಿಟ್ಟು ಬರ್ಲಿಲ್ಲ. ಊಟ ಅರ್ಧಕ್ಕರ್ಧ ಆಯ್ತು, ಮಾತು ಅದಕ್ಕಿಂತ ಕಡಿಮೆ ಆಯ್ತು. ನಮ್ಮವ್ವ ಪಿಸುಗುಟ್ಟಿದ್ರೆ ಹುಲ್ಲಹಳ್ಳಿ ಬಸ್‌ಸ್ಟಾಂಡಿಗೆ ಕೇಳೋದು. ಅಂಥೋಳು ನೀರು ಬೇಕು ಅಂದ್ರೂ ಕಿವಿ ಹತ್ರ ಇಡ್ಬೇಕಾಗಿತ್ತು. ಮುಂದಿನ ಇಂಜೆಕ್ಷನ್‌ಗೆ ಹೋದಾಗ ಡಾಕ್ಟ್ರು, "ಹಿಂಗೇ ಸೊರಗಿದ್ರೆ ಮಧ್ಯದಲ್ಲಿ ನಿಲ್ಲಿಸ್ಬೇಕಾಗ್ತದೆ. ಏನಾದ್ರೂ ಮಾಡಿ ಎಬ್ಬಿಸಿ" ಅಂದ್ರು. ವಾಪಸ್ ಕಾರಲ್ಲಿ ಬರ್ತಾ ಅಪ್ಪ ನನ್ ಕಡೆ ನೋಡ್ಲಿಲ್ಲ.

ಸರಿ, ನಾನು ಎಬ್ಬಿಸಕ್ಕೆ ಹೊರಟೆ. ನನ್ ಎಂಜಿನಿಯರಿಂಗ್ ಶುರು.

ಮೊದ್ಲು ನರ್ಸರಿಯವ್ರು ಕಟ್ತಾರಲ್ಲ, ಆ ಹಸಿರು ಬಲೆ ತಂದು ಕಟ್ಟಿದೆ. ಒಳಗಿಂದ ನೋಡಿದ್ರೆ ಭರ್ಜರಿ. ಬೆಳಿಗ್ಗೆ ಬಿಸಿಲು ಕೂತೋರ ಬೆನ್ನ ಹಿಂದಿಂದ ಬಂತು ನೋಡಿ, ಓಣಿ ಕಡೆಗೆ ತೊಗಲುಗೊಂಬೆ ಆಟ. ನಾನೇ ಒಳಗೆ ಕೂತು ಪರೀಕ್ಷೆ ಮಾಡ್ತಿದ್ದೆ, ಆಚೆಯಿಂದ ಯಾರೋ "ಏ ನಂಜ, ಮೂಗಿಗೆ ಬೆರಳಾಕ್ಬ್ಯಾಡ" ಅಂದ್ರು.

ಆಮೇಲೆ ಯಾರೋ ಲೀಡರ್ ಹುಟ್ಟುಹಬ್ಬದ ಫ್ಲೆಕ್ಸು ಸಿಕ್ತು. ಓಣಿಗೆ ಚೆನ್ನಾಗಿ ಕಾಣ್ಲಿ ಅಂತ ಬಿಳೀ ಹಿಂಬದಿ ಆಚೆಗೆ, ಮುಖ ಒಳಗೆ ಮಾಡಿ ಕಟ್ಟಿದೆ. ಅವ್ವ ಬಾಗ್ಲು ಒಂದು ಬೆರಳಷ್ಟು ತೆಗೆದು ನೋಡಿದ್ಲು.

"ಯಾರ್ಲಾ ಅವ್ನು, ಹಲ್ಲು ಕಿಸ್ಕೊಂಡು ನನ್ನೇ ನೋಡ್ತಾವ್ನೆ? ಊರೋರು ನೋಡಿದ್ದು ಸಾಲ್ದು ಅಂತ ಅವ್ನ್ನೂ ಕರ್ಕೊಂಬಂದ್ಯಾ?"

ತಿರುಗಿಸಿ ಕಟ್ಟಿದೆ. ಮಾರನೇ ದಿನದ ಗಾಳಿಗೆ ಲೀಡರ್ ಕಿತ್ಕೊಂಡು ಹೋಗಿ ನಾಲೆಗೆ ಬಿದ್ದು, ನಗ್ತಾ ನಗ್ತಾ ಕೆಳಗಿನ ಊರ ಕಡೆ ತೇಲ್ಕೊಂಡು ಹೋದ್ರು.

ಮೂರನೇದು ಗರಿ. ವಿಡಿಯೋ ನೋಡಿ, ಹಿತ್ಲಲ್ಲಿ ಬಿದ್ದಿದ್ದ ಒಣಗರಿ ಎಳ್ಕೊಂಡು ಹೆಣೆಯಕ್ಕೆ ಕೂತೆ. ಒಂದೊಂದು ಎಲೆ ಬಗ್ಗಿಸ್ದಂಗೂ ಹಪ್ಪಳ ಮುರಿದಂಗೆ ಸದ್ದು. ಸಾಯಂಕಾಲಕ್ಕೆ ನನ್ ಮುಂದೆ ಎರಡು ಗುಡ್ಡೆ. ಒಂದು ಪುಡಿ, ಇನ್ನೊಂದು ನಾನು. ಅಪ್ಪ ಬಂದು ನೋಡಿ, ಪುಡಿ ಕಡೆ ಕೈ ತೋರ್ಸಿ, "ಇದು ನೀರು ಕಾಯ್ಸಕ್ಕಾದ್ರೂ ಆಯ್ತದೆ" ಅಂದ್ರು. ಇನ್ನೊಂದು ಗುಡ್ಡೆ ಬಗ್ಗೆ ಏನೂ ಹೇಳ್ಲಿಲ್ಲ. ಆಮೇಲೆ ಅಂದ್ರು, "ನರಸೀಪುರಕ್ಕೆ ಫೋನ್ ಮಾಡು. ಪುಟ್ಟಜ್ಜಿ ಬರ್ಲಿ."

ಪುಟ್ಟಜ್ಜಿ ಅಂದ್ರೆ ಅವ್ವನ ಚಿಕ್ಕವ್ವ. ನರಸೀಪುರದ ಹತ್ರ ಹೊಳೆ ದಡದ ಊರು. ತನ್ನ ಕಾಲದಲ್ಲಿ ಸುತ್ತಲ ಊರಿಗೆಲ್ಲ ಚಪ್ಪರಕ್ಕೆ, ಗುಡಿಸಲಿಗೆ, ಬಚ್ಚಲ ಮರೆಗೆ ಗರಿ ತಡಿಕೆ ಹೆಣೆದು ಕೊಟ್ಟೋಳು. ಈಗ ವಯಸ್ಸೆಷ್ಟು ಅಂತ ಅಜ್ಜಿಗೂ ಗೊತ್ತಿಲ್ಲ. ಬಸ್ಸಿಂದ ಇಳಿದಾಗ ಕೈಲಿ ಟವೆಲ್ ಸುತ್ತಿದ ಒಂದು ಕುಡ್ಲು, ಸೊಂಟದಲ್ಲಿ ಎಲೆ ಅಡ್ಕೆ ಚೀಲ, ಅಷ್ಟೆ. ಮೊದ್ಲು ಅವ್ವನ ಕೋಣೆಗೆ ಹೋಗಿ ಬಾಗ್ಲು ಹಾಕ್ಕೊಂಡ್ಲು. ಅರ್ಧ ಗಂಟೆ ಬಿಟ್ಟು ಕಣ್ಣೊರೆಸ್ಕೊಂಡು ಆಚೆ ಬಂದು, ಹಿತ್ಲು ನೋಡಿ, ನನ್ ನೋಡಿ, "ಏನ್ಲಾ, ನಿಮ್ಮವ್ವನ ತಲೇನೂ ಬೋಳು, ಇತ್ಲೂ ಬೋಳು. ಒಂದನ್ನ ಡಾಕ್ಟ್ರು ಮಾಡುದ್ರು. ಇನ್ನೊಂದನ್ನ ಮಾಡಿದ್ ಡಾಕ್ಟ್ರು ನೀನಾ?" ಅಂದ್ಲು.

ಒಳಗಿಂದ ಒಂದು ಸಣ್ಣ ಸದ್ದು ಬಂತು. ಕೆಮ್ಮೋ, ನಗೂನೋ, ಗೊತ್ತಾಗ್ಲಿಲ್ಲ.

ಮರ ಹತ್ತಿ ಹಸಿ ಗರಿ ಇಳ್ಸಿದೆ. ಅಜ್ಜಿ ಒಂದೊಂದು ಗರೀನೂ ನಡು ದಿಂಡಿಗೆ ಸರಿಯಾಗಿ ಎರಡು ಸೀಳು ಮಾಡಿ, ನಾಲೇಲಿ ಕಲ್ಲು ಹೇರಿ ಮೂರು ದಿನ ನೆನೆಹಾಕ್ಸಿದ್ಲು. ಎತ್ತಿದಾಗ ಬಂತಲ್ಲ, ಆ ವಾಸ್ನೆ. ಹಸಿ ಹುಲ್ಲು, ಗೋಡು ಮಣ್ಣು, ಹುಳಿ ಬಂದ ಮಜ್ಜಿಗೆ, ಮೂರೂ ಸೇರಿದಂಗೆ. ಮಳೆ ಆಗತಾನೆ ಬಿಟ್ಟಿತ್ತು. ಅಜ್ಜಿ ಕಾಲು ಚಾಚ್ಕೊಂಡು ಕೂತು, ಹೆಣೆಯಕ್ಕೆ ಶುರು ಮಾಡಿದ್ಲು.

ಹೆಂಗೆ ಹೇಳ್ಲಿ ಅದನ್ನ. ಬೆರಳು ಕಾಣ್ತಿರ್ಲಿಲ್ಲ ಕಣ್ರೀ. ಎಲೆ ತಾವಾಗೇ ಎದ್ದು, ಪಕ್ಕದ ಎಲೆ ಕೆಳಗೆ ತೂರಿ, ಇನ್ನೊಂದರ ಮೇಲೆ ಹತ್ತಿ ಮಲಗ್ತಿದ್ವು. ಅಜ್ಜಿ ನೋಡ್ತಿದ್ದಿದ್ದು ಎತ್ತಗೋ. ಬಾಯಲ್ಲಿ ಎಲೆ ಅಡ್ಕೆ, ಮಾತು ಯಾರದೋ ಮನೆ ಸೊಸೆ ಬಗ್ಗೆ. ಕೈ ಮಾತ್ರ ಅದರ ಪಾಡಿಗೆ ಹೋಗ್ತಾನೇ ಇತ್ತು, ಹೊಳೆ ಹೋದಂಗೆ. ನಾನು ವಿಡಿಯೋ ಮಾಡೋಣ ಅಂತ ಫೋನ್ ತೆಗೆದೋನು ಮರೆತು ಕೈಲೇ ಹಿಡ್ಕೊಂಡು ಕೂತಿದ್ದೆ. ನಾನು ಒಂದು ಹೆಣೆಯೋದ್ರೊಳಗೆ ಅಜ್ಜಿ ಒಂಬತ್ತು. ನಂದು ನೋಡಿ, "ಇದ್ರಲ್ಲಿ ಎಮ್ಮೆ ನುಗ್ತದೆ. ಮಡಗು, ಕೋಳಿ ಗೂಡಿಗೆ ಬಾಗ್ಲು ಮಾಡುವಾ" ಅಂದ್ಲು.

ಬಿದಿರು ಗಳ ನೆಡೋ ಮುಂಚೆ ಅಜ್ಜಿ ಒಂದು ವಿಚಿತ್ರ ಮಾಡಿದ್ಲು. ಒಳಗೆ ಹೋಗಿ ಅವ್ವನ್ನ ಮಣೆ ಮೇಲೆ ಕೂರಿಸಿ, ನೆಲದಿಂದ ಕಣ್ಣಿನವರ್ಗೂ ಒಂದು ಕಡ್ಡೀಲಿ ಅಳತೆ ತಗೊಂಡ್ಲು. ಆಮೇಲೆ ಓಣೀಲಿ ನನ್ನ ನಿಲ್ಸಿ ನನ್ ಕಣ್ಣೆತ್ತರ ಅಳೆದ್ಲು.

"ಇದ್ಯಾಕಜ್ಜಿ?"

"ಗೋಡೆ ಕಟ್ಟದಾದ್ರೆ ಮೇಸ್ತ್ರಿ ಸಾಕು ಕಣ್ಲಾ. ಮರೆ ಕಟ್ಟದಾದ್ರೆ ಒಳಗ್ ಕೂರೋಳ ಕಣ್ಣು ಎಲ್ಲಿ, ಆಚೆ ನಿಲ್ಲೋನ ಕಣ್ಣು ಎಲ್ಲಿ, ನೋಡ್ಬೇಕು. ಅವ್ಳು ಆಚೆ ನೋಡ್ಬೇಕು, ಆಚೆಯೋನು ಅವ್ಳ್ನ ನೋಡ್ಬಾರ್ದು. ತಲೆ ಒಳಕ್ಕೆ, ಬಾಲ ಆಚಿಕೆ. ಕೆಳಗಿಂದ ಮ್ಯಾಕ್ಕೆ ಕಟ್ಕೊಂಡೋಗು."

ತಲೆ ಅಂದ್ರೆ ದಿಂಡಿರೋ ಕಡೆ. ಅದು ಒಳಗೆ, ಮೇಲಕ್ಕೆ. ಬಾಲ ಅಂದ್ರೆ ಎಲೆ ತುದಿ. ಅದು ಓಣಿ ಕಡೆಗೆ ಇಳಿಬೀಳ್ಬೇಕು. ಅಜ್ಜಿ ಊಟ ಮಾಡಿ ಮಲಗಿದ್ಲು. ನಾನು ಕತ್ತಾಳೆ ನಾರಲ್ಲಿ ಸಾಲು ಸಾಲು ಬಿಗಿದು ಕಟ್ಟಿ ಮುಗಿಸ್ದೆ. ಅಜ್ಜಿ ಎದ್ದು ಬಂದು ನೋಡಿದ್ಲು. ಅವ್ವನ ಮಣೆ ತಂದು ಒಳಗೆ ಹಾಕ್ಕೊಂಡು ಕೂತು, "ಓಗು, ಓಣೀಲಿ ನಿಂತು ನೋಡ್ಕೊಂಬಾ" ಅಂದ್ಲು.

ಹೋಗಿ ನಿಂತೆ. ಅಜ್ಜಿ ಪೂರ್ತಿ ಕಂಡ್ಲು. ಕಿವಿ ಓಲೆ, ಎಲೆ ಅಡ್ಕೆ ಚೀಲ, ಎಲ್ಲ. ನನ್ ಕಡೆ ಕೆಂಪು ನಾಲ್ಗೆ ಚಾಚಿದ್ದೂ ಕಾಣ್ತು. ತಲೆ ಆಚೆಗೆ, ಬಾಲ ಒಳಕ್ಕೆ ಕಟ್ಟಿದ್ದೆ ನಾನು. ಊರೋರು ನಿಂತು ಆರಾಮಾಗಿ ನೋಡೋ ಥರ, ಅವ್ವಂಗೆ ಮಾತ್ರ ಆಕಾಶ ಬಿಟ್ಟು ಇನ್ನೇನೂ ಕಾಣದೆ ಇರೋ ಥರ! ಅಷ್ಟೊತ್ತಿಗೆ ಡೈರಿ ಸೆಕ್ರೆಟ್ರಿ ಪುಟ್ಟಸ್ವಾಮಪ್ಪ ಬಂದ್ರು. ನಗೋದು ಅಂದ್ರೆ ಹಾಲಿಗೆ ನೀರು ಹಾಕಿದಷ್ಟೇ ಪಾಪ ಅಂತ ತಿಳ್ಕೊಂಡಿರೋ ಮನುಷ್ಯ. ನನ್ ಪಕ್ಕ ನಿಂತು ತಡಿಕೆ ನೋಡಿ, ಗಂಭೀರವಾಗಿ, "ಎಲೆ ಅಡ್ಕೆ ಸೆಂದಾಗದಾ ಅಜ್ಜಿ?" ಅಂತ ಕೇಳಿ ಹೊರಟೋದ್ರು.

ಎಲ್ಲ ಬಿಚ್ಚಿ ತಿರುಗಿಸಿ ಕಟ್ಟಿದೆ. ಮತ್ತೆ ಓಣೀಲಿ ನಿಂತೆ. ಏನೂ ಇಲ್ಲ. ಅಜ್ಜಿ ಅದೇ ಮಣೆ, ಅದೇ ಜಾಗ. ನಂಗೆ ಕಾಣ್ತಿದ್ದಿದ್ದು ಬರೀ ಗರಿ. ಒಳಗೆ ಬಂದು ಮಣೆ ಮೇಲೆ ಕೂತೆ. ಅಬ್ಬಾ! ಪ್ರತಿ ಸಾಲಿನ ಸಂದೀಲೂ ಓಣಿ ನೆಲ ಕಾಣ್ತದೆ. ಹೋಗೋರ ಮುಖ ಇಲ್ಲ, ಕಾಲು ಮಾತ್ರ. ಬೆಳಕು ಬರ್ತಿದೆ, ಗಾಳಿ ಬರ್ತಿದೆ. ನಾನು ಜೆಸಿಬಿ ಇಟ್ಕೊಂಡು ಹುಡುಕಿದ ಗಾಳಿ ಬೆಳಕನ್ನ ಓದು ಬರದ ಮುದುಕಿ ಒಂದು ಕಡ್ಡಿ ಅಳತೇಲಿ ತಂದಿದ್ಲು.

ಮಾರನೇ ಬೆಳಿಗ್ಗೆ ಅವ್ವ ಬಂದ್ಲು. ಬಾಗ್ಲಲ್ಲಿ ತುಂಬಾ ಹೊತ್ತು ನಿಂತಿದ್ಲು. ಅಜ್ಜಿ ಕರೀಲಿಲ್ಲ, ನನ್ನೂ ಕರೆಯಕ್ಕೆ ಬಿಡ್ಲಿಲ್ಲ. ಆಮೇಲೆ ಮೆಲ್ಲಗೆ ಬಂದು ಮಣೆ ಮೇಲೆ ಕೂತು, ಸಂದೀಲಿ ಒಂದ್ಸಲ ನೋಡಿ, ತಲೆ ಬಟ್ಟೆ ತೆಗೆದ್ಲು.

ಅವ್ವನ ತಲೆ ಅಷ್ಟು ಚಿಕ್ಕದು ಅಂತ ನಂಗೆ ಗೊತ್ತಿರ್ಲಿಲ್ಲ. ಬೆನ್ನ ಹಿಂದಿನ ಎಳೆ ಬಿಸಿಲು ಅದರ ಮೇಲೆ ಬಿದ್ದಿತ್ತು. ನಾಲೆ ಕಡೆಯಿಂದ ತಂಪು ಗಾಳಿ ಬೀಸ್ತು. ಅವ್ವ ಕಣ್ಣು ಮುಚ್ಚಿ, "ಅಮ್ಮಾ..." ಅಂದ್ಲು. ಅಷ್ಟೆ.

ಡೈರಿ ಹೊತ್ತಾಯ್ತು. ಕಾಲುಗಳು ಶುರುವಾದ್ವು. ಅವ್ವ ಮೊದ್ಲು ಸುಮ್ನೆ ನೋಡ್ತಿದ್ಲು. ಆಮೇಲೆ ಪಿಸುಗುಟ್ಟಿದ್ಲು, ಅದೇ ಹಳೇ ಪಿಸುಗುಟ್ಟು: "ಇದು ಅಂಗ್ಡಿ ಶಿವಣ್ಣ, ಸವೆದ ಹವಾಯಿ ಚಪ್ಲಿ. ಇದು ಕೊನೆ ಮನೆಯೋಳು, ಕಾಲುಂಗುರ ನೋಡು. ಇದು... ಅಯ್ಯೋ!" ಸಾಕಕ್ಕ ಅವಸರದಲ್ಲಿ ಒಂದು ಕಾಲಿಗೆ ತನ್ನ ಚಪ್ಲಿ, ಇನ್ನೊಂದಕ್ಕೆ ಗಂಡಂದು ಹಾಕ್ಕೊಂಡು ಬಂದಿದ್ಲು. ಅವ್ವ ನಕ್ಲು ನೋಡಿ. ಬಾಯಿಗೆ ಸೆರಗು ಅದುಮ್ಕೊಂಡ್ರೂ ತಡೀಲಿಲ್ಲ. ಎರಡು ತಿಂಗಳ ನಗು ಒಟ್ಟಿಗೆ ಬಂತು.

ಅವತ್ತಿಂದ ಬೆಳಗಾಗೋದು ಅಂದ್ರೆ ಅವ್ವಂಗೆ ಕಾಲು ನೋಡೋದು. ಆ ಮಳೆಗಾಲ ನಮ್ಮೂರಿಗೆ ಅದೇನಾಗಿತ್ತೋ, ಚಪ್ಲಿ ಎಲ್ಲ ಅದಲುಬದಲು! ಶಿವಣ್ಣ ಒಂದಿನ ಹೆಂಡ್ತಿ ಚಪ್ಲೀಲಿ, ಹೆಂಡ್ತಿ ಇನ್ನೊಂದಿನ ಶಿವಣ್ಣನ ಗಂಬೂಟಲ್ಲಿ. "ಈ ಊರೋರಿಗೆ ಬುದ್ಧಿ ಕೆಟ್ಟದೆ ಕಣ್ಲಾ" ಅಂತ ಅವ್ವ ನಗ್ತಾ ನಗ್ತಾ ಎರಡನೇ ಸಲ ಇಡ್ಲಿ ಕೇಳೋಳು. ಒಂದು ಜೊತೆ ಮಾತ್ರ ಅವ್ವಂಗೆ ಬಗೆಹರೀಲಿಲ್ಲ. ಗುಲಾಬಿ ಹೂವಿರೋ ಹೆಂಗಸ್ರ ಚಪ್ಲಿ, ವಾರಕ್ಕೊಂದ್ಸಲ ಬರೋದು. ಅದರೊಳಗಿನ ಹಿಮ್ಮಡಿ ನೋಡಿದ್ರೆ ಬಿರುಕು ಬಿಟ್ಟ ಗದ್ದೆ. "ಇದು ಎಂಗಸಲ್ಲ. ಯಾರ್ಲಾ ಇದು? ಓಡೋಗಿ ನೋಡ್ಕೊಂಬಾ" ಅಂತಾಳೆ. ನಾನು ಬಾಗ್ಲು ಸುತ್ತಿ ಓಣಿಗೆ ಓಡೋಷ್ಟರಲ್ಲಿ ಮಾಯ.

ಪುಟ್ಟಜ್ಜಿ ಹೊರಡೋ ಮುಂಚೆ ಇನ್ನೊಂದು ತೋರ್ಸಿದ್ಲು. ನಾನು ಕೀಳ್ಸಿದ ಬೇಲಿ ಗುಡ್ಡೆ ಮೂಲೇಲೇ ಬಿದ್ದಿತ್ತು. ಒಣಗ್ಲಿ, ಬೆಂಕಿ ಇಡೋಣ ಅಂತ ದಿನಾ ಅಂದ್ಕೊಂಡು ದಿನಾ ಸೋಮಾರಿತನದಲ್ಲಿ ಬಿಟ್ಟಿದ್ದೆ. ಅಜ್ಜಿ ಮೇಲಿನ ಸೊಪ್ಪು ಸರಿಸಿದ್ಲು. ಒಳಗೆ ದಾಸವಾಳದ ಕಡ್ಡಿಗಳೆಲ್ಲ ಮಳೆಗೆ ಚಿಗುರಿದ್ವು! ಬೇರು ಮೇಲೆ, ತಲೆ ಕೆಳಗೆ ಬಿದ್ದಿದ್ದೂ ಪಕ್ಕಕ್ಕೆ ತಿರುಗಿ ಎಲೆ ಬಿಟ್ಟಿತ್ತು. ಹುಟ್ಟಿದಾಗಿಂದ ನಾನು ಮಾಡಿರೋ ಒಂದೇ ಒಳ್ಳೆ ಕೆಲ್ಸ ಅಂದ್ರೆ ಅದಕ್ಕೆ ಬೆಂಕಿ ಇಡದೆ ಇದ್ದಿದ್ದು. ತಡಿಕೆ ಬುಡಕ್ಕೇ ಸಾಲಾಗಿ ನೆಟ್ವಿ. "ಈ ಗರಿ ಒಂದು ವರ್ಸ ಬತ್ತದೆ. ಅಷ್ಟ್ರಲ್ಲಿ ಇವು ಎದ್ದು ನಿಲ್ತವೆ" ಅಂದ್ಲು ಅಜ್ಜಿ.

ಆ ವರ್ಷ ಕಪಿಲೆ ಹೊಳೆ ತುಂಬಿ ಹರೀತು. ಅವ್ವನ ಇಂಜೆಕ್ಷನ್ ಒಂದೂ ತಪ್ಲಿಲ್ಲ. ಕೊನೇದು ಮುಗಿದು ಕೆಲವು ವಾರಕ್ಕೆ ನೆತ್ತಿ ಮೇಲೆ ಬೂದು ಬಣ್ಣದ ನವಿರು ಕಾಣಿಸ್ತು, ಆಗತಾನೆ ಹುಟ್ಟಿದ ಬತ್ತದ ಪೈರಿನ ಥರ. ಅದೇ ಹೊತ್ತಿಗೆ ತಡಿಕೆ ಕೆಳಸಾಲು ಕೊಳೆತು ಉದುರ್ತಿತ್ತು, ಉದುರಿದ ಕಡೆ ದಾಸವಾಳ ಎಲೆ ತುಂಬಿಸ್ತಿತ್ತು. ಸಾಲು ಹೋದಂಗೆಲ್ಲ ಗಿಡ ಬಂತು, ಗಿಡ ಬಂದಂಗೆಲ್ಲ ಕೂದ್ಲು ಬಂತು. ಯಾರು ಯಾರಿಗೆ ಹೇಳಿಕೊಟ್ರೋ ಗೊತ್ತಿಲ್ಲ. ನಾನಂತೂ ಬಾಯಿ ಬಿಟ್ಕೊಂಡು ನೋಡ್ತಿದ್ದೆ. ಕಡೇ ಸಾಲು ಉದುರೋ ಹೊತ್ತಿಗೆ ಅವ್ವ ಗಿಡ್ಡ ಕೂದ್ಲಿಗೆ ಒಂದು ಕೆಂಪು ದಾಸವಾಳ ಸಿಗಿಸಕ್ಕೆ ನೋಡಿ, ಅದು ಜಾರಿ ಜಾರಿ ಬಿದ್ದು, ಬಿಡದೆ ಪಿನ್ ಹಾಕಿ ಸಿಗಿಸ್ಕೊಂಡು, ತಾನೇ ಕ್ಯಾನು ಹಿಡ್ಕೊಂಡು ಡೈರಿಗೆ ಹೋದ್ಲು.

ಆರು ತಿಂಗಳಿಗೊಂದ್ಸಲ ಚೆಕಪ್‌ಗೆ ಹೋಗಿ ಬರ್ತಾಳೆ. ಈಗ ಕತ್ತು ದಾಟೋವಷ್ಟು ಕೂದ್ಲು. ಹೊಸ ಬೇಲಿ ಮುಂದೆ ನಿಂತು ಇನ್ನೂ ಕೇಳ್ತಾಳೆ, ಆ ಗುಲಾಬಿ ಚಪ್ಲಿ ಯಾರ್ದಿರ್ಬೋದು ಅಂತ.

ನರಸೀಪುರದ ಮದ್ವೇಲಿ, ಆ ಗರಿ ವಾಸ್ನೆ ಕೆಳಗೆ ನಾನು ಹಂಗೇ ನಿಂತಿದ್ನಲ್ಲ, ಪಕ್ಕಕ್ಕೆ ಡೈರಿ ಪುಟ್ಟಸ್ವಾಮಪ್ಪ ಬಂದು ನಿಂತ್ರು. ಚಪ್ಪರ ನೋಡ್ತಾ, "ನಿಮ್ಮ ತಡಿಕೆ ಜ್ಞಾಪಕ ಬಂತೇನಪ್ಪಾ?" ಅಂದ್ರು.

"ಹೂಂ ಪುಟ್ಟಸ್ವಾಮಪ್ಪ."

"ಅವತ್ತು ನಿಮ್ಮವ್ವ ನಕ್ಕಿದ್ದು ಓಣಿಗೆಲ್ಲ ಕೇಳ್ತು. ಸಾಕಕ್ಕ ಡೈರಿಗೆ ಬಂದೋಳು ಅತ್ಬುಟ್ಲು. ನನ್ ಚಪ್ಲಿ ನೋಡಿ ನಗ್ತಾವ್ಳೆ ಅಂದ್ಲು. ಆಲು ಆಕಕ್ಕೆ ನಿಂತಿದ್ದೋರೆಲ್ಲ ಅಲ್ಲೇ ಮಾತಾಡ್ಕೊಂಡ್ವಿ. ದಿನಕ್ಕೊಬ್ರು ಚಪ್ಲಿ ಬದಲಾಯಿಸ್ಬೇಕು, ಯಾರೂ ಬಾಯಿ ಬಿಡ್ಬಾರ್ದು ಅಂತ."

ನಾನು ಅವರ ಮುಖ ನೋಡ್ದೆ. ಆಮೇಲೆ ಮೆಲ್ಲಗೆ ಕೆಳಗೆ, ಅವರ ಪಂಚೆ ಅಂಚಿನ ಕೆಳಗಿನ ಹಿಮ್ಮಡಿ ನೋಡ್ದೆ. ಬಿರುಕು ಬಿಟ್ಟ ಗದ್ದೆ.

ಪುಟ್ಟಸ್ವಾಮಪ್ಪ ಪಂಚೆ ಸ್ವಲ್ಪ ಕೆಳಗೆ ಎಳ್ಕೊಂಡ್ರು.

"ನಂದು ಗುರುವಾರ ಕಣಪ್ಪ. ನಮ್ ಸೊಸೆ ಚಪ್ಲಿ, ಬಲೇ ಬಿಗಿ. ಕಿರುಬೆರಳು ಇನ್ನೂ ನೋಯ್ತದೆ. ನಿಮ್ಮವ್ವಂಗೆ ಮಾತ್ರ ಏಳ್ಬ್ಯಾಡ. ಉಡುಕ್ತಾ ಇರ್ಲಿ."